ತಪಾಸಣೆಯಲ್ಲಿ ಪಾಸಾದವಳು

ಮಾರ್ಚ್ 3, ಸೋಮವಾರ

ನಾಳೆ ಆರು ತಿಂಗಳ ತಪಾಸಣೆ. ಇವತ್ತು ಊಟದ ಬಿಡುವಿನಲ್ಲಿ ಎಂದಿನಂತೆ ಒಣಗಿಸುವ ಯಂತ್ರಗಳ ಹಿಂದೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ತಾಲೀಮು ಮಾಡಿಸಿದೆ. ನಾನು ಈ ಲಾಂಡ್ರಿಗೆ ಸೇರಿ ಹತ್ತೊಂಬತ್ತು ವರ್ಷ. ಅದರಲ್ಲಿ ಹನ್ನೊಂದು ವರ್ಷದಿಂದ ತಾಲೀಮಿನ ಡಾಕ್ಟರ್ ನಾನೇ.

ಹೋಟೆಲುಗಳ ಚಾದರ, ಮೇಜುಬಟ್ಟೆ, ಟವೆಲು ಎಲ್ಲ ನಮ್ಮಲ್ಲಿಗೆ ಬರುತ್ತವೆ. ಒದ್ದೆ ಚಾದರದ ರಾಶಿ ಎಳೆದೆಳೆದು ಇಲ್ಲಿ ಯಾರ ಸೊಂಟ ನೆಟ್ಟಗಿದೆ? ಆದರೆ ಕಂಪನಿ ಡಾಕ್ಟರ್ ಒತ್ತಿ ನೋಡುವಾಗ ಯಾರಾದರೂ ಮುಖ ಕಿವಿಚಿದರೆ ಚೀಟಿಯಲ್ಲಿ ‘ಹಗುರ ಕೆಲಸ’ ಎಂದು ಬರೆಯುತ್ತಾರೆ. ಲಾಂಡ್ರಿಯಲ್ಲಿ ಹಗುರ ಕೆಲಸ ಅಂತ ಒಂದಿದ್ದರೆ ನಾನೂ ನೋಡಬೇಕು. ಹಗುರ ಕೆಲಸ ಅಂದರೆ ಮನೆ ದಾರಿ. ಮನೆ ದಾರಿ ಹಿಡಿದರೆ ಕಂಪನಿಯ ಆರೋಗ್ಯ ಕಾರ್ಡು ವಾಪಸ್ ಕೊಡಬೇಕು. ಅದು ಹೋದರೆ ಮನೆಯಲ್ಲಿರುವ ಕಾಯಿಲೆಯವರ ಗತಿ ಏನು? ನಮ್ಮಲ್ಲಿ ಅರ್ಧಕ್ಕರ್ಧ ಜನ ಸಂಬಳಕ್ಕಲ್ಲ, ಕಾರ್ಡಿಗೆ ದುಡಿಯುವವರು.

ಅದಕ್ಕೇ ತಾಲೀಮು. ನಾನು ಹೆಬ್ಬೆರಳು ಇಟ್ಟು ಜೋರಾಗಿ ಒತ್ತುತ್ತೇನೆ. ಅವರು ಗೋಡೆ ನೋಡುತ್ತ ‘ಇಲ್ಲ’ ಅನ್ನಬೇಕು. ಬೇಗ ಅಂದರೆ ಗುಮಾನಿ, ತಡವಾದರೆ ಸಿಕ್ಕಿಬಿದ್ದ ಹಾಗೆ. ಉಸಿರು ಬಿಡುತ್ತ, ಯಾರೋ ಟೈಮ್ ಕೇಳಿದರೆ ಹೇಳುವ ಧಾಟಿಯಲ್ಲಿ ಹೇಳಬೇಕು. ಒಗೆಯುವ ವಿಭಾಗದ ಸೋಪಣ್ಣನಿಗೆ (ಅವನ ನಿಜವಾದ ಹೆಸರು ಅವನಿಗೇ ಮರೆತಿರಬೇಕು) ಕಚಗುಳಿ ಜಾಸ್ತಿ, ಮುಟ್ಟಿದರೆ ಕಿಸಕ್ಕನೆ ನಗುತ್ತಾನೆ. ಅವನದೇ ಚಿಂತೆ. ನನ್ನ ತಂಗಿ ಮಾತ್ರ ನನ್ನ ಹೆಮ್ಮೆಯ ಶಿಷ್ಯೆ. ಮಡಚುವ ಮೇಜಿನಲ್ಲಿ ಒಂಬತ್ತು ವರ್ಷ ಆಯಿತು ಅವಳಿಗೆ. ಸೊಂಟಕ್ಕೆ ಮೊಣಕೈ ಊರಿ ಒತ್ತಿದರೂ ರೆಪ್ಪೆ ಅಲುಗಿಸುವುದಿಲ್ಲ.

ನನ್ನ ಬಲಭುಜದ ವಿಷಯ ಇಲ್ಲಿ ಬರೆಯುವುದಿಲ್ಲ. ಈ ಪುಸ್ತಕ ಯಾರ ಕೈಗೆ ಸಿಗುತ್ತದೋ ಏನೋ.

ಮಾರ್ಚ್ 4, ಮಂಗಳವಾರ

ಎಲ್ಲರೂ ಪಾಸು. ಸೋಪಣ್ಣ ಸಹ.

‘ಕೈ ಮೇಲೆತ್ತಿ’ ಎಂದರು ಡಾಕ್ಟರ್. ಎಡಗಾಲಿನ ಮೇಲೆ ಭಾರ ಹಾಕಿ ಸೊಂಟ ಒಂಚೂರು ಬಾಗಿಸಿದರೆ ಬಲಗೈ ತಾನೇ ಮೇಲೆ ಹೋದ ಹಾಗೆ ಕಾಣುತ್ತದೆ. ಎತ್ತಿದೆ. ನಾಲಿಗೆಯ ತುದಿ ಕಚ್ಚಿಕೊಂಡಿದ್ದೆ, ಸಂಜೆಯವರೆಗೂ ಬಾಯಲ್ಲಿ ರಕ್ತದ ರುಚಿ. ಇನ್ನು ಸೆಪ್ಟೆಂಬರ್‌ವರೆಗೆ ನಿಶ್ಚಿಂತೆ.

ಮಾರ್ಚ್ 21, ಶುಕ್ರವಾರ

ಸುಸ್ತು. ಮದುವೆ ಸೀಸನ್, ಮೇಜುಬಟ್ಟೆ ಗುಡ್ಡದ ಹಾಗೆ ಬಂದು ಬೀಳುತ್ತಿವೆ.

ಇವರನ್ನು ಇವತ್ತು ಡಯಾಲಿಸಿಸ್‌ಗೆ ಬಿಟ್ಟು, ಕೆಲಸ ಮುಗಿಸಿ, ಮತ್ತೆ ಕರೆದುಕೊಂಡು ಬಂದೆ. ವಾರಕ್ಕೆರಡು ಸಲ ಇದೇ ಓಡಾಟ. ಆರು ವರ್ಷದ ಹಿಂದೆ ಕಿಡ್ನಿ ಕೈಕೊಡುವವರೆಗೆ ಬಡಗಿ ಕೆಲಸ ಮಾಡುತ್ತಿದ್ದವರು. ನಾನು ಚಾದರ ತೊಳೆಯುವ ಕಡೆ, ಅವರು ರಕ್ತ ತೊಳೆಸುವ ಕಡೆ, ಗಂಡ ಹೆಂಡತಿ ಇಬ್ಬರೂ ಲಾಂಡ್ರಿಯವರೇ ಅಂತ ಅವರ ಜೋಕು. ನೂರು ಸಲ ಕೇಳಿದ್ದೇನೆ, ಆದರೂ ನಗುತ್ತೇನೆ. ನನ್ನ ಕಾರ್ಡಿನಲ್ಲಿ ಅವರ ಹೆಸರು ಇರುವುದರಿಂದ ಆ ಯಂತ್ರದ ಬಾಗಿಲು ತೆರೆಯುತ್ತದೆ. ಇಲ್ಲದಿದ್ದರೆ ಏನು ಅನ್ನುವುದನ್ನು ನಾನು ಯೋಚಿಸಲು ಹೋಗುವುದಿಲ್ಲ.

ಬೆಳಗ್ಗೆ ನನ್ನ ತಲೆ ಬಾಚಿ ಜಡೆ ಹಾಕುವುದು ಇವರೇ. ಎರಡು ವರ್ಷದಿಂದ ನಡೆದುಬಂದಿದೆ. ಕೂತು ಕೂತು ಬೇಜಾರು ಪಾಪ, ಒಂದು ಕೆಲಸ ಸಿಕ್ಕ ಹಾಗಾಯಿತು.

ಏಪ್ರಿಲ್ 8, ಮಂಗಳವಾರ

ರೇಡಿಯೋದಲ್ಲಿ ಬಂತಂತೆ, ಪೇಪರಿನಲ್ಲೂ ಇದೆ. ಮೇ ಒಂದರಿಂದ ಕಂಪನಿ ಕಾರ್ಡು ಯಾರಿಗೂ ಬೇಡ. ಕೆಲಸ ಇರಲಿ ಬಿಡಲಿ, ಎಲ್ಲರಿಗೂ ಚಿಕಿತ್ಸೆ ಸರ್ಕಾರದ್ದೇ. ಕಾಯಿಲೆ ಬಿದ್ದವರಿಗೆ ಕ್ಲಿನಿಕ್ಕಿನ ಚೀಟಿ ಇದ್ದರೆ ಸಂಬಳದ ರಜೆ, ವಾಪಸ್ ಬಂದರೆ ಅದೇ ಕೆಲಸ.

ಊಟದ ಹೊತ್ತಿನಲ್ಲಿ ಇದೇ ಮಾತು. ಸೋಪಣ್ಣ ಪೇಪರನ್ನು ಎರಡು ಸಲ ಗಟ್ಟಿಯಾಗಿ ಓದಿದ. ನಾನು ನಂಬಲಿಲ್ಲ. ಹೇಳುವುದು ಒಂದು, ಕೌಂಟರಿನಲ್ಲಿ ಕೂತವನು ಕೇಳುವುದು ಇನ್ನೊಂದು. ಹತ್ತೊಂಬತ್ತು ವರ್ಷ ಕೌಂಟರ್‌ಗಳನ್ನು ನೋಡಿದ್ದೇನೆ. ತಂಗಿಯೂ ತಲೆ ಅಲ್ಲಾಡಿಸಿದಳು. ಗಂಡನಿಲ್ಲದವಳು, ಮಗಳಿಗೆ ಉಬ್ಬಸ. ಹಳೆ ಕಾರ್ಡನ್ನು ಬಿಸಾಡಬೇಡ ಅಂತ ಅವಳಿಗೆ ಹೇಳಿದೆ.

ಮೇ 9, ಶುಕ್ರವಾರ

ಇವತ್ತು ಡಯಾಲಿಸಿಸ್ ಕೌಂಟರಿನಲ್ಲಿ ಕಂಪನಿ ಕಾರ್ಡು ಚಾಚಿದೆ. ಅಲ್ಲಿದ್ದವಳು ನೋಡಲೇ ಇಲ್ಲ. ಇವರ ಹೆಸರು ಕೇಳಿದಳು, ಒಳಗೆ ಕಳಿಸಿದಳು, ಅಷ್ಟೇ. ನಾನು ಜಗಳಕ್ಕೆ ತಯಾರಾಗಿ ಹೋಗಿದ್ದೆ. ಬೆಳಗ್ಗೆಯಿಂದ ಏನೇನು ಅನ್ನಬೇಕು ಅಂತ ಬಾಯಿಪಾಠ ಮಾಡಿದ್ದೆಲ್ಲ ದಂಡ. ಹೊರಗಿನ ಬೆಂಚಿನಲ್ಲಿ ಆ ಕಾರ್ಡು ಹಿಡಿದುಕೊಂಡೇ ಕೂತಿದ್ದೆ. ಸಂತೋಷ ಆಗಬೇಕಿತ್ತು. ಅದರ ಮೇಲಿನ ಇವರ ಹೆಸರನ್ನೇ ಮತ್ತೆ ಮತ್ತೆ ಓದಿದೆ, ಅಷ್ಟೇ.

ಲಾಂಡ್ರಿಯಲ್ಲಿ ಹತ್ತು ದಿನದಲ್ಲಿ ಒಂಬತ್ತು ಜನ ಕೆಲಸ ಬಿಟ್ಟರು. ಸೋಪಣ್ಣ ಅಣ್ಣನ ಜೊತೆ ಸೈಕಲ್ ರಿಪೇರಿ ಅಂಗಡಿ ಇಡುತ್ತಾನಂತೆ. ಹೋಗುವಾಗ ಮೇಸ್ತ್ರಿಯ ಕೈ ಕುಲುಕಿ ಹೋದ. ಮೇಸ್ತ್ರಿಗೆ ನಾವಿಟ್ಟ ಹೆಸರು ಗಡಿಯಾರ. ಶೌಚಾಲಯಕ್ಕೆ ಹೋದರೂ ನಿಮಿಷ ಲೆಕ್ಕ ಹಾಕುವ ಮನುಷ್ಯ. ಅವರ ಮುಖ ನೋಡುವ ಹಾಗಿತ್ತು.

ನಾನು ಬಿಡಬಹುದಲ್ಲ ಅಂತ ಇವರು ಕೇಳಿದರು. ಬಿಟ್ಟು ಏನು ಮಾಡಲಿ? ಐವತ್ತೆರಡಾಯಿತು. ನೋಡೋಣ ಅಂದೆ.

ಮೇ 26, ಸೋಮವಾರ

ಗಡಿಯಾರ ಈಗ ಎಲ್ಲರಿಗೂ ‘ಅಮ್ಮಾ’ ಅನ್ನುತ್ತಾರೆ. ಜನ ಸಿಗುತ್ತಿಲ್ಲ. ಕಾರ್ಡಿನ ಹಗ್ಗ ಬಿಚ್ಚಿಹೋಯಿತು, ಇನ್ನು ಕಟ್ಟಿಹಾಕುವುದು ಯಾವುದರಿಂದ?

ಇವತ್ತು ಹನ್ನೆರಡು ಕುರ್ಚಿ ಬಂದವು, ಎತ್ತರದವು, ಕೂತೇ ಕೆಲಸ ಮಾಡಬಹುದಾದಂಥವು. ಮೇಸ್ತ್ರಿ ಪ್ರತಿ ಯಂತ್ರದ ಪಕ್ಕ ಒಂದೊಂದು ಇಡಿಸಿದರು. ಯಾರೂ ಕೂರಲಿಲ್ಲ. ಕೂತರೆ ನಿಲ್ಲಲಾಗುವುದಿಲ್ಲ ಅಂತ ಒಪ್ಪಿಕೊಂಡ ಹಾಗಲ್ಲವೇ. ದಿನವಿಡೀ ಕುರ್ಚಿಗಳನ್ನು ಸುತ್ತುಹಾಕಿಕೊಂಡು ಓಡಾಡಿದೆವು. ಕೊನೆಗೆ ಯಾರೋ ಅದರ ಮೇಲೆ ಟವೆಲಿನ ಕಟ್ಟು ಇಟ್ಟರು. ಆಮೇಲೆ ಎಲ್ಲರೂ ಇಟ್ಟರು.

ಜೂನ್ 14, ಶನಿವಾರ

ನಮ್ಮ ರಸ್ತೆಯ ಕೊನೆಗೆ ಹೊಸ ಕ್ಲಿನಿಕ್ ಆಗಿದೆ. ಎಲ್ಲರೂ ಒಂದು ಸಲ ಹೋಗಿ ಹೆಸರು ಬರೆಸಿ ಮೈ ತೋರಿಸಿಕೊಳ್ಳಬೇಕು. ಇವರು ಬೆನ್ನು ಬಿದ್ದಿದ್ದರು, ಭುಜ ತೋರಿಸಿಕೊಂಡು ಬಾ, ಭುಜ ತೋರಿಸಿಕೊಂಡು ಬಾ ಅಂತ. ಕಾಟ ತಡೆಯಲಾರದೆ ಹೋದೆ.

ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕೈ ತೊಳೆದುಕೊಂಡು ಬಂದು ಹಾಸಿಗೆ ಮೇಲೆ ಕೂರಿಸಿದಳು. ಏನು ಕೆಲಸ ಅಂತ ಕೇಳಿದಳು. ಇಸ್ತ್ರಿ ಯಂತ್ರಕ್ಕೆ ಚಾದರ ಕೊಡುವುದು ಅಂದೆ. ಕುತ್ತಿಗೆ ಒತ್ತಿದಳು, ಬೆನ್ನು ಒತ್ತಿದಳು, ಭುಜದ ಮೇಲೆ ಬೆರಳಿಟ್ಟಳು.

“ಇಲ್ಲಿ ನೋವಿದೆಯಾ?”

“ಇಲ್ಲ.”

ಎಷ್ಟು ಸಲೀಸಾಗಿ ಬಂತು. ಉಸಿರು ಬಿಡುತ್ತ, ಗೋಡೆ ನೋಡುತ್ತ. ಕೈ ಎತ್ತಿ ಅಂದಳು. ಎಡಗಾಲಿನ ಮೇಲೆ ಭಾರ ಹಾಕಲು ಎದ್ದು ನಿಂತೇ ಎತ್ತಿದೆ. ತುಂಬಾ ಚೆನ್ನಾಗಿದೆ, ಈ ಕೆಲಸ ಮಾಡುವವರಲ್ಲಿ ಇದು ಅಪರೂಪ ಅಂದಳು. ಬರೆದುಕೊಂಡಳು. ನಾನು ಥ್ಯಾಂಕ್ಸ್ ಹೇಳಿ ಹೊರಗೆ ಬಂದೆ, ಪರೀಕ್ಷೆ ಪಾಸಾದ ಹುಡುಗಿಯ ಹಾಗೆ ಬೀಗುತ್ತ.

ಅರ್ಧ ರಸ್ತೆ ಬಂದ ಮೇಲೆ ಕಾಲು ನಿಂತುಹೋಯಿತು. ಯಾಕೆ ಪಾಸಾದೆ ನಾನು? ಯಾರಿಗೆ ಹೆದರಿ?

ವಾಪಸ್ ಹೋಗಬೇಕೆನ್ನಿಸಿತು. ಹೋಗಿ ಏನು ಹೇಳಲಿ? ಸುಳ್ಳು ಹೇಳಿದೆ ಅಂತಲೇ? ಮನೆಗೆ ಬಂದು ಇವರಿಗೆ ‘ಏನೂ ಇಲ್ಲವಂತೆ’ ಅಂದೆ. ಇವರು ನನ್ನ ಮುಖವನ್ನೇ ನೋಡಿದರು.

ಜೂನ್ 15, ಭಾನುವಾರ

ಬಟ್ಟೆ ಒಗೆಯಲಿಲ್ಲ. ಮಲಗಿದ್ದೆ.

ಜುಲೈ 22, ಮಂಗಳವಾರ

ಇವತ್ತು ಬೆಳಗ್ಗೆ ದೊಡ್ಡ ಚಾದರದ ತುದಿ ಹಿಡಿದು ಇಸ್ತ್ರಿ ಯಂತ್ರದ ಉರುಳೆಗೆ ಕೊಡುತ್ತಿದ್ದೆ. ಬಲಗೈ ಒಮ್ಮೆಲೇ ಸತ್ತುಹೋಯಿತು. ಬಿಡಬೇಕು ಅಂತ ಗೊತ್ತು, ಬೆರಳು ಬಿಚ್ಚುತ್ತಿಲ್ಲ. ಚಾದರದ ಜೊತೆ ಕೈಯೂ ಬಿಸಿ ಉರುಳೆಯ ಕಡೆ ಹೋಗುತ್ತಿತ್ತು. ತಂಗಿ ಆ ಕಡೆಯಿಂದ ಓಡಿಬಂದು ಯಂತ್ರ ನಿಲ್ಲಿಸುವ ಕೆಂಪು ಗುಂಡಿ ಒತ್ತಿದಳು. ಒಂದು ಗೇಣು ಉಳಿದಿತ್ತು.

ಮೇಸ್ತ್ರಿ ನೀರು ತಂದುಕೊಟ್ಟು, ಟವೆಲಿನ ಕಟ್ಟು ತೆಗೆದು ಕುರ್ಚಿಯಲ್ಲಿ ಕೂರಿಸಿದರು. ಕೂತೆ. ಎಲ್ಲರೂ ನೋಡುತ್ತಿದ್ದರು.

ತಂಗಿ ಮನೆತನಕ ಬಂದು ಇವರಿಗೆ ಎಲ್ಲ ಊದಿದಳು. ಇವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಜುಲೈ 24, ಗುರುವಾರ

ಇವರೇ ನನ್ನನ್ನು ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು. ನೂರು ಹೆಜ್ಜೆಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುವ ಮನುಷ್ಯ ನನ್ನ ತೋಳು ಹಿಡಿದುಕೊಂಡು ನಡೆದರು. ನೋಡಿದವರಿಗೆ ಯಾರು ಯಾರನ್ನು ಕರೆದುಕೊಂಡು ಹೋಗುತ್ತಿದ್ದಾರೆ ಅಂತ ಗೊತ್ತಾಗುವ ಹಾಗಿರಲಿಲ್ಲ.

ಅದೇ ಡಾಕ್ಟರ್. ಅದೇ ಬೆರಳು ಅದೇ ಜಾಗಕ್ಕೆ ಬಂತು. ನೋವಿದೆಯಾ ಅಂದಳು. ಹೇಳಬೇಕು ಅಂತಲೇ ಹೋಗಿದ್ದೆ, ದೇವರಾಣೆ. ಬಾಯಿ ತೆರೆದರೆ ‘ಇಲ್ಲ’ ಅಂತ ಬಂತು.

ಇವರು ಕುರ್ಚಿಯಿಂದ ಎದ್ದರು. “ಇವಳು ಇಲ್ಲ ಅಂದಿದ್ದನ್ನ ಬರ್ಕೋಬೇಡಿ ಡಾಕ್ಟ್ರೇ. ಎರಡು ವರ್ಷದಿಂದ ಇವಳ ತಲೆ ಬಾಚ್ತಿರೋದು ನಾನು. ರವಿಕೆ ತೋಳು ಏರಿಸೋದೂ ನಾನೇ. ನನ್ನ ಕೇಳಿ, ನಾನು ಹೇಳ್ತೀನಿ.”

ಹೇಳಿದರು. ಯಾವ ಪಕ್ಕಕ್ಕೆ ಮಲಗುತ್ತೇನೆ, ಎಷ್ಟು ಹೊತ್ತಿಗೆ ಏಳುತ್ತೇನೆ, ನಿದ್ದೆಯಲ್ಲಿ ಎಲ್ಲಿ ಕೈ ಇಟ್ಟುಕೊಂಡು ನರಳುತ್ತೇನೆ, ಯಾವ ಕೈಯಲ್ಲಿ ಲೋಟ ಹಿಡಿಯುವುದನ್ನು ಯಾವಾಗ ಬಿಟ್ಟೆ, ಎಲ್ಲ. ಇಷ್ಟೆಲ್ಲ ನೋಡಿಟ್ಟುಕೊಂಡು ಜೋಕು ಹೇಳಿಕೊಂಡು ಇದ್ದರಲ್ಲ. ನನಗೆ ಅಳು ಬಂತು. ಅಲ್ಲೇ ಅತ್ತೆ, ಗೋಡೆ ನೋಡುತ್ತ.

ಡಾಕ್ಟರ್ ನನ್ನ ಹಳೆಯ ಕಾಗದ ತೆಗೆದಳು. ಜೂನ್ ಹದಿನಾಲ್ಕು, ಯಾವ ತೊಂದರೆಯೂ ಇಲ್ಲ, ಕೈ ಪೂರ್ತಿ ಮೇಲೇಳುತ್ತದೆ. ಇದು ಹೇಗೆ ಅಂತ ಕೇಳಿದಳು. ಹೇಗೆ ಎತ್ತುತ್ತೇನೆ ಅಂತ ತೋರಿಸಿದೆ. ಅವಳು ಪೆನ್ನು ಕೆಳಗಿಟ್ಟಳು.

ಆಗಸ್ಟ್ 6, ಬುಧವಾರ

ಸ್ಕ್ಯಾನ್ ಬಂತು. ಭುಜದ ಒಳಗಿನ ಸ್ನಾಯು ಹರಿದಿದೆ. ಹಳೆಯದಂತೆ. ಜೂನ್‌ನಲ್ಲಿ ಅದನ್ನು ಇನ್ನೂ ಒಂದು ಎಳೆ ಹಿಡಿದಿಟ್ಟಿರಬೇಕು, ಆ ದಿನ ಚಾದರ ಹಿಡಿದಾಗ ಅದೂ ಹೋಗಿದೆ. ಹೊಲಿಯುತ್ತಾರೆ. ಹೊಲಿದರೂ ಕೈ ಹೆಗಲಿನ ಮಟ್ಟಕ್ಕಿಂತ ಮೇಲೆ ಏಳುವುದು ಕಷ್ಟ. ಮೊದಲ ಸಲ ಬಂದಾಗಲೇ ಗೊತ್ತಾಗಿದ್ದರೆ ಕೈ ಪೂರ್ತಿ ಉಳಿಸಬಹುದಿತ್ತು ಅಂತ ಡಾಕ್ಟರ್ ಬಾಯಿಬಿಟ್ಟು ಹೇಳಲಿಲ್ಲ. ನಾನೇ ಕೇಳಿದೆ. ಬಹುಶಃ ಹೌದು ಅಂದಳು.

ಕಂಪನಿ ಡಾಕ್ಟರನ್ನು ಬೈಯಬಹುದು, ಗಡಿಯಾರನನ್ನು ಬೈಯಬಹುದು. ಬೈದಿದ್ದೇನೆ ಕೂಡ, ಬಸ್ಸಿನಲ್ಲಿ ಮನಸ್ಸಿನಲ್ಲೇ. ಆದರೆ ಜೂನ್ ಹದಿನಾಲ್ಕಕ್ಕೆ ಆ ಕೋಣೆಯಲ್ಲಿ ಅವರು ಯಾರೂ ಇರಲಿಲ್ಲ.

ಆಗಸ್ಟ್ 23, ಶನಿವಾರ

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಕೋಳಿಕಾಲು ಅಕ್ಷರ. ಆಪರೇಷನ್ ಆಯಿತು. ನೋವಿದೆ. ಮಾತ್ರೆ ಕೊಟ್ಟಿದ್ದಾರೆ.

ಆಗಸ್ಟ್ 30, ಶನಿವಾರ

ನೋವು ಕಡಿಮೆ. ಬೆಳಗ್ಗೆ ಜಾಸ್ತಿ.

ಸೆಪ್ಟೆಂಬರ್ 3, ಬುಧವಾರ

ಲಾಂಡ್ರಿಯಲ್ಲಿ ತಪಾಸಣೆ ಇತ್ತು. ಕಾರ್ಡು ಹೋದರೂ ಅದು ಹೋಗಿಲ್ಲ. ನಾನಿಲ್ಲ ಅಂತ ತಾಲೀಮನ್ನು ತಂಗಿಯೇ ಮಾಡಿಸಿದಳಂತೆ. ಎಲ್ಲರೂ ಪಾಸು ಅಂತ ಫೋನಿನಲ್ಲಿ ನಕ್ಕಳು. ಭೇಷ್ ಅಂದೆ. ಅಂದಮೇಲೆ ಯಾಕೋ ಮನಸ್ಸು ಪಿಚ್ಚೆನಿಸಿತು.

ಸೆಪ್ಟೆಂಬರ್ 19, ಶುಕ್ರವಾರ

ಗಡಿಯಾರ ಮನೆಗೆ ಬಂದಿದ್ದರು, ಹಣ್ಣು ಹಿಡಿದುಕೊಂಡು. ಕಾಲ ಯಾರನ್ನು ಎಲ್ಲಿಗೆ ತಂದು ನಿಲ್ಲಿಸುತ್ತದೆ ನೋಡು. ಅರ್ಧ ಗಂಟೆ ಕೂತರು, ಗೋಡೆ ಗಡಿಯಾರ ಒಮ್ಮೆಯೂ ನೋಡಲಿಲ್ಲ. ರಜೆ ಮುಗಿದ ಮೇಲೆ ನಾನು ಉರುಳೆಗೆ ನಿಲ್ಲುವುದು ಬೇಡವಂತೆ. ಹೊಸಬರಿಗೆ ಕೆಲಸ ಕಲಿಸಿದರೆ ಸಾಕು, ಕೂತುಕೊಂಡೇ.

“ನೀವು ಕಲಿಸಿದವರನ್ನ ನೋಡಿದ್ದೀನಲ್ಲಮ್ಮ. ಒಬ್ಬರೂ ಒಂದು ದಿನ ನೋವು ಅಂದಿಲ್ಲ.”

ಹೊಗಳಿಕೆಯಾಗಿಯೇ ಹೇಳಿದರು ಪಾಪ. ಯೋಚಿಸಿ ಹೇಳುತ್ತೇನೆ ಅಂದು ಕಳಿಸಿದೆ. ಆಮೇಲೆ ಒಬ್ಬೊಬ್ಬರನ್ನೇ ನೆನಪು ಮಾಡಿಕೊಂಡೆ. ಹನ್ನೊಂದು ವರ್ಷದಲ್ಲಿ ಎಷ್ಟು ಜನರ ಮೇಲೆ ಈ ಹೆಬ್ಬೆರಳು ಊರಿದ್ದೇನೆ. ಯಾರಿಗೆ ಎಲ್ಲಿ ಒತ್ತಿದರೆ ಪ್ರಾಣ ಹೋಗುತ್ತದೆ ಅಂತ ಯಾವ ಡಾಕ್ಟರಿಗಿಂತಲೂ ಚೆನ್ನಾಗಿ ನನಗೆ ಗೊತ್ತು.

ಸೆಪ್ಟೆಂಬರ್ 28, ಭಾನುವಾರ

ತಂಗಿ ಬಂದಿದ್ದಳು, ಮಗಳನ್ನು ಕರೆದುಕೊಂಡು. ಇವರು ಮಗುವಿಗೆ ಮರದ ತುಂಡಿನಲ್ಲಿ ಏನೋ ಕೆತ್ತಿಕೊಡುತ್ತಿದ್ದರು. ತಂಗಿ ಚಾಪೆ ಮೇಲೆ ಕೂರುವಾಗ ಗೋಡೆಗೆ ಕೈ ಕೊಟ್ಟು, ಎಡಗಾಲನ್ನು ಕೈಯಿಂದಲೇ ಎತ್ತಿ ಮುಂದೆ ಇಟ್ಟುಕೊಂಡಳು. ಮಾತು ನಿಲ್ಲಿಸದೆಯೇ ಮಾಡಿದಳು. ನಾನಲ್ಲದೆ ಬೇರೆ ಯಾರೂ ಗಮನಿಸುವ ಹಾಗಿರಲಿಲ್ಲ.

ಚಪ್ಪಲಿ ಎಲ್ಲಿ ಅಂತ ಕೇಳಿದೆ. ಎಡಗಾಲಿನದು ದಾರಿಯಲ್ಲಿ ಬಿದ್ದುಹೋಗಿತ್ತಂತೆ, ಅವಳಿಗೆ ಗೊತ್ತೇ ಆಗಿರಲಿಲ್ಲವಂತೆ, ಮಗಳು ಹೇಳಿದಳಂತೆ. ಅದನ್ನೊಂದು ತಮಾಷೆ ಅಂತ ಹೇಳಿ ನಕ್ಕಳು.

ಕ್ಲಿನಿಕ್ಕಿಗೆ ಹೋಗೋಣ ಅಂದೆ. ಏನೂ ಇಲ್ಲ ಅಂದಳು. ಬೈದೆ, ಬೇಡಿಕೊಂಡೆ. ಕೊನೆಗೆ ಅವಳಿಗೂ ಸಿಟ್ಟು ಬಂತು.

“ನಿನಗಾದ್ರೆ ಭಾವ ಇದ್ದಾರೆ, ಮೇಸ್ತ್ರಿ ಹಣ್ಣು ಹಿಡ್ಕೊಂಡು ಬರ್ತಾರೆ. ನಾನು ಬಿದ್ದರೆ ಇವಳನ್ನ ಯಾರು ನೋಡ್ತಾರೆ? ನಂಗೇನೂ ಆಗಿಲ್ಲ ಅಕ್ಕ. ಆಗಬಾರದು.”

ಆಗಬಾರದು ಅಂದಳು. ಹತ್ತೊಂಬತ್ತು ವರ್ಷ ನಾನೂ ಅದನ್ನೇ ಅಂದುಕೊಂಡಿದ್ದು.

ಅಕ್ಟೋಬರ್ 2, ಗುರುವಾರ

ಇವರು ಡಯಾಲಿಸಿಸ್‌ನಲ್ಲಿದ್ದಾಗ ಅಲ್ಲಿಯ ನರ್ಸಮ್ಮನನ್ನು ಕೇಳಿದೆ. ಕಾಲಿನ ಸ್ಪರ್ಶ ಹೋಗಿದ್ದರೆ ಬೆನ್ನಿನ ನರ ಒತ್ತಿಹೋಗಿರಬಹುದು, ತಡ ಮಾಡಿದರೆ ಕಾಲೇ ಎಳೆದುಕೊಂಡು ನಡೆಯಬೇಕಾದೀತು ಅಂದರು. ತಂಗಿಗೆ ಇನ್ನೂ ಮೂವತ್ತೆಂಟು.

ಸಂಜೆ ಲಾಂಡ್ರಿಯ ಗೇಟಿನಲ್ಲಿ ಕಾದು ನಿಂತೆ. ಮುಂದಿನ ಗುರುವಾರ ಬಾರದಿದ್ದರೆ ಮಡಚುವ ಮೇಜಿನ ಹತ್ತಿರ ಬಂದು ಎಲ್ಲರೆದುರಿಗೆ ನಿನ್ನನ್ನು ಕುರ್ಚಿಗೆ ಕಟ್ಟಿಹಾಕುತ್ತೇನೆ ಅಂದೆ. ಒಂದೇ ಕೈಯಲ್ಲಿ ಹೇಗೆ ಕಟ್ಟುತ್ತೀಯ ಅಂತ ಕೇಳಿದಳು. ಆದರೂ ಬರುತ್ತೇನೆ ಅಂದಳು, ನನ್ನ ಬಾಯಿ ಮುಚ್ಚಿಸಲು.

ಅಕ್ಟೋಬರ್ 9, ಗುರುವಾರ

ತಂಗಿ ಬಂದಳು. ಒಳ್ಳೆಯ ಸೀರೆ ಉಟ್ಟುಕೊಂಡು, ತಲೆಗೆ ಎಣ್ಣೆ ಹಚ್ಚಿ, ಫೋಟೋ ತೆಗೆಸಲು ಹೊರಟವಳ ಹಾಗೆ. ನಾನೂ ಜೊತೆಯಲ್ಲಿ ಒಳಗೆ ಹೋದೆ.

ಡಾಕ್ಟರ್ ಬೆನ್ನು ಒತ್ತಿದಳು. ಇಲ್ಲ. ಸೊಂಟ. ಇಲ್ಲ. ಕಾಲು ನೇರ ಎತ್ತಿಸಿದಳು. ತಂಗಿಯ ಕುತ್ತಿಗೆಯ ನರ ಉಬ್ಬಿದ್ದು ನನಗೆ ಕಂಡಿತು, ಮುಖದಲ್ಲಿ ಒಂದು ಗೆರೆ ಕದಲಲಿಲ್ಲ. ಇಲ್ಲ ಅಂದಳು, ಉಸಿರು ಬಿಡುತ್ತ. ಎಷ್ಟು ಅಚ್ಚುಕಟ್ಟು. ನನಗಿಂತ ಚೆನ್ನಾಗಿ ಮಾಡುತ್ತಾಳೆ. ಡಾಕ್ಟರ್ ಪೆನ್ನು ತೆಗೆದುಕೊಂಡಳು.

“ಅದು ನಾನು ಕಲಿಸಿದ್ದು ಡಾಕ್ಟ್ರೇ,” ಅಂದೆ. “ನೀವು ಒತ್ತಿದ್ದು ಏನೂ ಅಲ್ಲ. ನಾನು ಮೊಣಕೈ ಊರಿ ಒತ್ತಿ ಕಲಿಸಿದೀನಿ, ಒಂಬತ್ತು ವರ್ಷ. ಇವಳಿಗೆ ನೋವಿದೆ ಅಂತ ಪ್ರತಿ ಸಲಾನೂ ನಂಗೆ ಗೊತ್ತಿತ್ತು.”

ತಂಗಿ ನನ್ನ ಕಡೆ ತಿರುಗಿದಳು. ಚಿಕ್ಕವಳಿದ್ದಾಗ ಅವಳ ತಪ್ಪನ್ನು ಅಮ್ಮನಿಗೆ ಚಾಡಿ ಹೇಳಿದರೆ ನೋಡುತ್ತಿದ್ದಳಲ್ಲ, ಅದೇ ನೋಟ. ಗೊತ್ತಿತ್ತಾ ಅಂದಳು. ಹೂಂ ಅಂದೆ. ಗೊತ್ತಿದ್ದೂ ಒತ್ತುತ್ತಿದ್ದೆಯಾ ಅಂದಳು. ಅದಕ್ಕೂ ಹೂಂ ಅಂದೆ. ಬೇರೆ ಏನು ಹೇಳಲಿ, ಕಾರ್ಡಿಗಾಗಿ ಅಂತಲೇ? ಅದು ಅವಳಿಗೂ ಗೊತ್ತು. ಅವಳ ಗದ್ದ ಅದುರಲು ಶುರುವಾಯಿತು. ಹಲ್ಲು ಕಚ್ಚಿ ತಡೆದಳು, ಆಗಲಿಲ್ಲ.

ಡಾಕ್ಟರ್ ಪೆನ್ನು ಪಕ್ಕಕ್ಕಿಟ್ಟಳು. ಆಮೇಲೆ ಮತ್ತೆ ಸೊಂಟದ ಮೇಲೆ ಬೆರಳಿಟ್ಟು, ಇಲ್ಲಿ ಅಂತ ಕೇಳಿದಳು.

“ಹೌದು,” ಅಂದಳು ತಂಗಿ.

ಅವಳ ಬಾಯಿಂದ ಆ ಮಾತು ನಾನು ಕೇಳಿದ್ದು ಅದೇ ಮೊದಲು. ದನಿ ಅವಳದಲ್ಲವೇನೋ ಅನ್ನಿಸಿತು. ನಾನಿದ್ದರೆ ಮತ್ತೆ ಬಾಯಿ ಮುಚ್ಚಿಕೊಂಡಾಳು ಅಂತ ಎದ್ದು ಹೊರಗೆ ಬಂದು ಬೆಂಚಿನ ಮೇಲೆ ಕೂತೆ. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ, ತಂಗಿಯ ದನಿ ಕೇಳುತ್ತಿತ್ತು. ಇಲ್ಲಿ, ಇಲ್ಲಿಂದ ಕೆಳಗೆ, ಈ ಕೈಗೂ ಬರುತ್ತೆ, ರಾತ್ರಿ ಇಲ್ಲಿ, ಮಗಳು ಹುಟ್ಟಿದಾಗಿನಿಂದ ಇಲ್ಲಿ. ನಮ್ಮ ನಂತರದ ಸರದಿಗೆ ಕೂತಿದ್ದ ಮುದುಕರೊಬ್ಬರು ಇನ್ನೂ ಎಷ್ಟು ಹೊತ್ತಾಗುತ್ತದೆ ಅಂತ ಕೇಳಿದರು. ಗೊತ್ತಿಲ್ಲ, ಈಗಷ್ಟೇ ಶುರು ಮಾಡಿದ್ದಾಳೆ ಅಂದೆ.